ಅಠಾರಾ ಕಚೇರಿಯ ಇಂಜಿನಿಯರ್: ರಿಚರ್ಡ್ ಸ್ಯಾಂಕಿ

ಮಕ್ಕಳೇ, ಕೃಷ್ಣರಾಜಪುರದಲ್ಲಿ ಮೆಟ್ರೊ ರೈಲು ಹತ್ತಿ ಬೆಂಗಳೂರಿನ ಒಳಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಕಿಟಕಿಯ ಪಕ್ಕದಲ್ಲೇ ಕುಳಿತುಕೊಳ್ಳಿ. ಮೊದಲು ಕಾಣುವುದು ಗಾಜಿನ ಕಟ್ಟಡಗಳು. ಗೋಡೆ ಎಂಬುದೇ ಇಲ್ಲವೇನೋ ಎನ್ನುವಂತೆ ಕೆಳಗಿನಿಂದ ಮೇಲಿನವರೆಗೆ ಗಾಜು. ಆಮೇಲೆ ಬೈಯಪ್ಪನಹಳ್ಳಿ, ಇಂದಿರಾನಗರ, ಹಲಸೂರು. ಎಂ.ಜಿ. ರಸ್ತೆ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ವಿಧಾನಸೌಧದ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿ ಹೊರಗೆ ಬಂದರೆ ಒಂದು ಕಡೆ ಬಿಳಿಯ ಕಲ್ಲಿನ ವಿಧಾನಸೌಧ, ಅದರ ಎದುರಿಗೆ ಉದ್ದನೆಯ, ಎರಡು ಅಂತಸ್ತಿನ ಕೆಂಪು ಕಟ್ಟಡ. ಅದೇ ಅಠಾರಾ ಕಚೇರಿ. ಇಂದು ಅಲ್ಲಿ ಕರ್ನಾಟಕದ ಹೈಕೋರ್ಟ್ ಇದೆ.

ಗಾಜಿನ ಕಟ್ಟಡಗಳನ್ನು ತಂಪಾಗಿಡಲು ಹಗಲೆಲ್ಲ ಯಂತ್ರಗಳು ಓಡಬೇಕು. ಕೆಂಪು ಕಟ್ಟಡವನ್ನು ಕಟ್ಟಿದಾಗ ಬೆಂಗಳೂರಿನಲ್ಲಿ ವಿದ್ಯುತ್ತೇ ಇರಲಿಲ್ಲ. ಬೀಸಣಿಗೆಯನ್ನು ಹಗ್ಗ ಹಿಡಿದು ಆಳುಗಳು ಎಳೆಯಬೇಕಿತ್ತು. ಅಂಥ ಕಾಲದಲ್ಲಿ ನೂರಾರು ಗುಮಾಸ್ತರು ಇಡೀ ದಿನ ಕುಳಿತು ಬರೆಯುವಂಥ ಕಟ್ಟಡವನ್ನು ಯೋಜಿಸಿದವನು ರಿಚರ್ಡ್ ಹೀರಂ ಸ್ಯಾಂಕಿ. ಸದಾಶಿವನಗರದ ಬಳಿಯ ಸ್ಯಾಂಕಿ ಕೆರೆ ಮತ್ತು ಸ್ಯಾಂಕಿ ರಸ್ತೆಗಳಿಂದ ಆತನ ಹೆಸರು ಬೆಂಗಳೂರಿನವರ ಬಾಯಲ್ಲಿ ಉಳಿದಿದೆ. ಆದರೆ ಆತ ಯಾರು, ಏನು ಮಾಡಿದ ಎಂದು ಕೇಳಿದರೆ ಹೇಳುವವರು ಕಡಿಮೆ.

ಬಾಲ್ಯ ಮತ್ತು ಕಲಿಕೆ

ಸ್ಯಾಂಕಿ ಹುಟ್ಟಿದ್ದು 1829ರ ಮಾರ್ಚ್ 22ರಂದು, ಐರ್ಲೆಂಡಿನ ಟಿಪ್ಪರೇರಿ ಎಂಬ ಸೀಮೆಯಲ್ಲಿ. ಐರ್ಲೆಂಡ್ ಮಳೆಯ ನಾಡು. ಅಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ಮಳೆ ಬೀಳುತ್ತಲೇ ಇರುತ್ತದೆ. ನೀರನ್ನು ಕೂಡಿಡುವ ಚಿಂತೆ ರೈತನಿಗೆ ಇರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಹುಡುಗ ಮೂರು ನಾಲ್ಕು ತಿಂಗಳ ಮಳೆಯನ್ನು ನಂಬಿ ವರ್ಷ ಕಳೆಯುವ ನಾಡಿಗೆ ಬಂದು ಇಲ್ಲಿನವರಿಂದ ನೀರಿನ ಪಾಠ ಕಲಿಯಬೇಕಾಯಿತು.

ಡಬ್ಲಿನ್ ನಗರದಲ್ಲಿ ಶಾಲೆ ಮುಗಿಸಿ 1845ರಲ್ಲಿ ಆತ ಇಂಗ್ಲೆಂಡಿನ ಅಡಿಸ್ಕೋಂಬ್ ಎಂಬಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಶಾಲೆಗೆ ಸೇರಿದ. ಭಾರತಕ್ಕೆ ಕಳುಹಿಸುವ ಅಧಿಕಾರಿಗಳನ್ನು ಕಂಪನಿ ಅಲ್ಲಿ ತಯಾರು ಮಾಡುತ್ತಿತ್ತು. ಗಣಿತ, ಕೋಟೆ ಕಟ್ಟುವ ವಿದ್ಯೆ, ಭೂಮಾಪನ, ಚಿತ್ರಕಲೆ ಎಲ್ಲವನ್ನೂ ಕಲಿಸುತ್ತಿದ್ದರು. ಚಿತ್ರಕಲೆ ಏಕೆ ಎನ್ನುವಿರಾ? ಆಗ ಕ್ಯಾಮೆರಾ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ನೋಡಿದ ನದಿ, ಬೆಟ್ಟ, ಸೇತುವೆಗಳನ್ನು ಇಂಜಿನಿಯರ್ ಆದವನು ತಾನೇ ಬರೆದು ತೋರಿಸಬೇಕಿತ್ತು. ಸ್ಯಾಂಕಿಗೆ ಆ ಶಾಲೆಯಲ್ಲಿ ಚಿತ್ರಕಲೆಗಾಗಿ ಬಹುಮಾನ ಸಿಕ್ಕಿತು.

1846ರಲ್ಲಿ ಆತ ಮದ್ರಾಸ್ ಇಂಜಿನಿಯರ್ಸ್ ದಳದಲ್ಲಿ ಅಧಿಕಾರಿಯಾದ. ಇನ್ನಷ್ಟು ತರಬೇತಿ ಪಡೆದು 1848ರಲ್ಲಿ ಭಾರತಕ್ಕೆ ಬಂದಾಗ ವಯಸ್ಸು ಹತ್ತೊಂಬತ್ತು. ಯುದ್ಧವಿಲ್ಲದಾಗ ರಸ್ತೆ, ಸೇತುವೆ, ಕಾಲುವೆ, ಕಟ್ಟಡ ಕಟ್ಟುವುದು ಈ ದಳದವರ ಕೆಲಸ. ಇಂದು ಹಲಸೂರು ಕೆರೆಯ ದಂಡೆಯಲ್ಲಿ ಭಾರತೀಯ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್ ಎಂಬ ಕೇಂದ್ರವಿದೆಯಲ್ಲ, ಅದು ಇದೇ ಪರಂಪರೆಯದು.

ಮುಂದೆ ನಾಗಪುರದ ಕಡೆ ಕೆಲಸದಲ್ಲಿದ್ದಾಗ ಸ್ಯಾಂಕಿ ಬಿಡುವಿನಲ್ಲಿ ಸುತ್ತಲಿನ ಬಂಡೆಗಳನ್ನು ಪರೀಕ್ಷಿಸಿದ, ಪಳೆಯುಳಿಕೆಗಳನ್ನು ಕೂಡಿಸಿದ. ಕಲ್ಲಿನ ಗುಣ ತಿಳಿದವನಿಗೆ ಕಟ್ಟಡದ ಗುಣ ತಿಳಿಯುವುದು ಸುಲಭ.

1857ರಲ್ಲಿ ಉತ್ತರ ಭಾರತದಲ್ಲಿ ಕಂಪನಿಯ ವಿರುದ್ಧ ಸಿಪಾಯಿಗಳು ದಂಗೆ ಎದ್ದರು. ನಾವು ಅದನ್ನು ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಎಂದು ಓದುತ್ತೇವೆ. ಸ್ಯಾಂಕಿ ಆಗ ಕಂಪನಿಯ ಪಕ್ಷದಲ್ಲಿ, ಅಂದರೆ ನಮ್ಮವರ ಎದುರು ಪಕ್ಷದಲ್ಲಿ ಇದ್ದ. ಅಲಹಾಬಾದ್, ಕಾನ್ಪುರ, ಲಖನೌ ಕಡೆ ಸೈನ್ಯ ನದಿ ದಾಟಲು ಸೇತುವೆ ಹಾಕುವುದು, ತಂಗಲು ನೆಲೆ ಮಾಡುವುದು ಆತನ ಹೊಣೆಯಾಗಿತ್ತು. ಆತನ ಕಟ್ಟಡಗಳನ್ನು ಮೆಚ್ಚುವಾಗ ಈ ಮಾತನ್ನು ಮುಚ್ಚಿಡಬೇಕಾಗಿಲ್ಲ. ಆತ ಕೊನೆಯವರೆಗೂ ಬ್ರಿಟಿಷ್ ಆಡಳಿತದ ಅಧಿಕಾರಿಯೇ.

ಮೈಸೂರಿನ ಕೆರೆಗಳು

ಸ್ಯಾಂಕಿ ಮೈಸೂರು ಸೀಮೆಗೆ ಬಂದದ್ದು 1861ರಲ್ಲಿ. ಆಗ ಮೈಸೂರು ಅರಸರ ಕೈಯಲ್ಲಿ ಆಡಳಿತವಿರಲಿಲ್ಲ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ರಾಜ್ಯ ನಡೆಸಿದರು. ಅವರ ರಾಜಧಾನಿ ಬೆಂಗಳೂರು. 1864ರಲ್ಲಿ ಸ್ಯಾಂಕಿ ಇಡೀ ಮೈಸೂರಿನ ಮುಖ್ಯ ಇಂಜಿನಿಯರ್ ಆದ. ಅದೇ ವರ್ಷ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ಮೊದಲ ರೈಲು ಬಂತು. ಕೃಷ್ಣರಾಜಪುರದ ಮೇಲೆ ಹಾದು ಬರುವ ದಾರಿ ಅದೇ.

ಹೊಸ ಮುಖ್ಯ ಇಂಜಿನಿಯರ್‌ಗೆ ಮೊದಲು ಎದುರಾದದ್ದು ಕೆರೆಗಳ ಪ್ರಶ್ನೆ. ಆಗಿನ ಮೈಸೂರಿನ ವಿಸ್ತೀರ್ಣ 27,269 ಚದರ ಮೈಲಿ. ಸ್ಯಾಂಕಿ ಲೆಕ್ಕ ಹಾಕಿ ನೋಡಿದಾಗ ಅದರಲ್ಲಿ ಶೇಕಡಾ 60ರಷ್ಟು ನೆಲದ ಮಳೆನೀರು ಒಂದಲ್ಲ ಒಂದು ಕೆರೆಗೆ ಹರಿಯುತ್ತಿತ್ತು. ಇವನ್ನೆಲ್ಲ ಯಾವ ಸರ್ಕಾರಿ ಇಂಜಿನಿಯರೂ ಕಟ್ಟಿದ್ದಲ್ಲ. ನೂರಾರು ವರ್ಷಗಳಿಂದ ಊರವರು, ಪಾಳೆಯಗಾರರು, ಅರಸರು, ಒಡ್ಡರು ಸೇರಿ ಕಟ್ಟಿದ್ದು. ಹೊಸದಾಗಿ ಇನ್ನೊಂದು ದೊಡ್ಡ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟು ಈ ಕೆಲಸ ಆಗಲೇ ಮುಗಿದಿತ್ತು ಎಂದು ಆತ ಬೆರಗಿನಿಂದ ವರದಿಯಲ್ಲಿ ತಿಳಿಸಿದ.

ಆದರೆ ಕೆರೆಗಳ ಸ್ಥಿತಿ ಚೆನ್ನಾಗಿರಲಿಲ್ಲ. ಹೂಳು ತುಂಬಿತ್ತು, ಏರಿ ಕುಸಿದಿತ್ತು, ತೂಬು ಕೆಟ್ಟಿತ್ತು. ಅಲ್ಲಿಯವರೆಗೆ ಅಧಿಕಾರಿಗಳು ಮಾಡುತ್ತಿದ್ದುದು ಏನು? ಯಾವ ಕೆರೆ ಒಡೆಯಿತೋ ಅದನ್ನು ಮುಚ್ಚುವುದು. ಮರುವರ್ಷ ಅದು ಮತ್ತೆ ಒಡೆಯುತ್ತಿತ್ತು.

ಏಕೆ ಎಂದು ಯೋಚಿಸಿ. ನಮ್ಮ ಕೆರೆಗಳು ಬಿಡಿಬಿಡಿಯಾಗಿಲ್ಲ, ಸರಪಳಿಯ ಹಾಗೆ ಇವೆ. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಮುಂದಿನದಕ್ಕೆ. ಮೇಲಿನ ಒಂದು ಕೆರೆಯ ಏರಿ ಒಡೆದರೆ ಅಷ್ಟೂ ನೀರು ಒಮ್ಮೆಗೇ ಎರಡನೆಯ ಕೆರೆಗೆ ನುಗ್ಗುತ್ತದೆ. ಅದರ ಕೋಡಿ ಅಷ್ಟು ನೀರನ್ನು ಹೊರಹಾಕಲಾರದು, ಅದೂ ಒಡೆಯುತ್ತದೆ. ಎರಡು ಕೆರೆಯ ನೀರು ಮೂರನೆಯದಕ್ಕೆ. ಹೀಗೆ ಒಂದೇ ರಾತ್ರಿಯಲ್ಲಿ ಇಡೀ ಸಾಲೇ ಕೊಚ್ಚಿಹೋಗಬಹುದು. ಜೊತೆಗೆ ಗದ್ದೆ, ದನ, ಮನೆ.

ಆದ್ದರಿಂದ ಸ್ಯಾಂಕಿ ಕೆರೆಯನ್ನು ಎಣಿಸುವುದನ್ನು ಬಿಟ್ಟು ಕಣಿವೆಯನ್ನು ಅಳೆಯಲು ಹೇಳಿದ. ಒಂದು ಕಣಿವೆಯ ನೆತ್ತಿಯಿಂದ ಬುಡದವರೆಗೆ ಎಲ್ಲ ಕೆರೆಗಳನ್ನೂ ಒಟ್ಟಿಗೆ ಅಳೆಯಬೇಕು. ಎಷ್ಟು ನೆಲದ ನೀರು ಯಾವ ಕೆರೆಗೆ ಬರುತ್ತದೆ, ಕೋಡಿ ಎಷ್ಟು ಅಗಲವಿರಬೇಕು, ಏರಿ ಎಷ್ಟು ಎತ್ತರವಿರಬೇಕು ಎಂದು ಲೆಕ್ಕ ಹಾಕಬೇಕು. ಆಮೇಲೆ ಸರಪಳಿಯನ್ನು ಇಡಿಯಾಗಿ ದುರಸ್ತಿ ಮಾಡಬೇಕು. ಈ ಅಳತೆಯ ಕೆಲಸ ನಿಧಾನದ್ದು, ಸಾವಿರಾರು ಕೆರೆಗಳಿದ್ದವು. ಆತನ ಕಾಲದಲ್ಲಿ ಅದು ಪೂರ್ತಿಯಾಗಲಿಲ್ಲ. ಆದರೆ ಇಂದು ನಾವು ಜಲಾನಯನ ಪ್ರದೇಶ ಎಂದು ಕರೆಯುವ ಮಾತಿನ ಹಿಂದೆ ಇರುವುದು ಇದೇ ಯೋಚನೆ. ನಮ್ಮ ಹಳ್ಳಿಯ ನೀರಗಂಟಿಗೆ ಇದು ಮೊದಲೇ ಗೊತ್ತಿತ್ತು ಎಂದು ನನಗೆ ಅನಿಸುತ್ತದೆ. ಸ್ಯಾಂಕಿ ಅದಕ್ಕೆ ಅಳತೆ ಮತ್ತು ನಕ್ಷೆ ಕೊಟ್ಟ.

ಆತನ ಹೆಸರು ದೂರಕ್ಕೂ ಹೋಯಿತು. 1870ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದವರು ತಮ್ಮ ನೀರು ಸರಬರಾಜಿನ ಯೋಜನೆಗಳನ್ನು ಪರಿಶೀಲಿಸಲು ಆತನನ್ನು ಕರೆಸಿಕೊಂಡರು.

ಹದಿನೆಂಟು ಕಚೇರಿಗಳಿಗೆ ಒಂದು ಮನೆ

ಈಗ ಕೆಂಪು ಕಟ್ಟಡಕ್ಕೆ ಬರೋಣ. 1831ರಿಂದ ಸರ್ಕಾರದ ಮುಖ್ಯ ಕಚೇರಿ ಇದ್ದದ್ದು ಕೋಟೆಯ ಬಳಿ, ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಯಲ್ಲಿ. ಮರದ ಕಂಬಗಳ ಆ ಸುಂದರ ಅರಮನೆ ಒಬ್ಬ ಅರಸನಿಗೆ ಸಾಕು. ಕಾಗದಪತ್ರಗಳ ಬೆಟ್ಟವಿರುವ ಸರ್ಕಾರಕ್ಕೆ ಸಾಲದು. ಆಗಿನ ಕಮಿಷನರ್ ಲೆವಿನ್ ಬೌರಿಂಗ್ ಎಲ್ಲ ಇಲಾಖೆಗಳಿಗೂ ಒಂದೇ ಕಟ್ಟಡ ಬೇಕೆಂದು ತೀರ್ಮಾನಿಸಿದ. ಇಲಾಖೆಗಳು ಹದಿನೆಂಟು. ಹಿಂದೂಸ್ತಾನಿಯಲ್ಲಿ ಅಠಾರಾ ಎಂದರೆ ಹದಿನೆಂಟು. ಅದರಿಂದಲೇ ಈ ಹೆಸರು.

ಜಾಗವನ್ನು ಆರಿಸಿದ್ದು ಪೇಟೆಗೂ ಕಂಟೋನ್ಮೆಂಟಿಗೂ ನಡುವಿನ ದಿಣ್ಣೆಯ ಮೇಲೆ. 1864ರಲ್ಲಿ ಕೆಲಸ ಆರಂಭವಾಗಿ 1868ರಲ್ಲಿ ಮುಗಿಯಿತು. ನಕ್ಷೆ ಸ್ಯಾಂಕಿಯದು. ಕಟ್ಟುವ ಗುತ್ತಿಗೆ ಹಿಡಿದವರು ಕಂಟೋನ್ಮೆಂಟಿನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಬಡತನದಲ್ಲಿ ಹುಟ್ಟಿ, ವ್ಯಾಪಾರ ಮಾಡಿ ಮೇಲೆ ಬಂದವರು. ಇಂಥ ಗುತ್ತಿಗೆಗಳಿಂದ ಬಂದ ಹಣದಲ್ಲಿ 1873ರಲ್ಲಿ ಅವರು ಬಡ ಮಕ್ಕಳಿಗಾಗಿ ಒಂದು ಉಚಿತ ಶಾಲೆ ತೆರೆದರು. ಹಲಸೂರಿನ ಬಳಿ ಆರ್.ಬಿ.ಎ.ಎನ್.ಎಂ. ಶಾಲೆ ಎಂದು ಈಗಲೂ ನಡೆಯುತ್ತಿರುವುದು ಅದರ ಬಳ್ಳಿಯೇ.

ಕಟ್ಟಲು ಬೇಕಾದದ್ದು ಕಲ್ಲು, ಇಟ್ಟಿಗೆ, ಸುಣ್ಣ, ಮರ. ಸಿಮೆಂಟ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ ಇತ್ತು, ನಮ್ಮ ದೇಶದಲ್ಲಿ ತಯಾರಾಗುತ್ತಿರಲಿಲ್ಲ.

ಕಲ್ಲಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಲಾಲ್‌ಬಾಗಿನ ಬಂಡೆಯನ್ನು ನೋಡಿದ್ದೀರಲ್ಲ, ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಇಂಥ ಬಂಡೆಯನ್ನು ಚಪ್ಪಡಿಯಾಗಿ ಸೀಳಲು ನಮ್ಮ ಕಲ್ಲುಕುಟಿಗರು ಒಂದು ಉಪಾಯ ಬಲ್ಲವರಾಗಿದ್ದರು. ಬಂಡೆಯ ಮೇಲೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುವುದು. ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತಾ ಹೋಗುವುದು. ಕಾದ ಮೇಲಿನ ಪದರ ಹಿಗ್ಗುತ್ತದೆ. ಕೆಳಗಿನ ತಣ್ಣನೆಯ ಕಲ್ಲು ಹಿಗ್ಗುವುದಿಲ್ಲ. ಆಗ ಎರಡರ ನಡುವೆ ಬಿರುಕು ಬಿಟ್ಟು ಚಪ್ಪಡಿ ಎದ್ದು ಬರುತ್ತದೆ. ಸುತ್ತಿಗೆಯಿಂದ ತಟ್ಟಿ ಅದರ ಶಬ್ದ ಕೇಳಿಯೇ ಕಲ್ಲು ಬಿಟ್ಟಿತೋ ಇಲ್ಲವೋ ಹೇಳುತ್ತಿದ್ದರು. ಘನವಸ್ತು ಕಾದರೆ ಹಿಗ್ಗುತ್ತದೆ ಎಂದು ನೀವು ಪುಸ್ತಕದಲ್ಲಿ ಓದುವ ಪಾಠ ಅವರ ಕೈಯಲ್ಲಿತ್ತು.

ಇನ್ನು ಸುಣ್ಣ. ಸುಣ್ಣಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಗಾರೆ ಸಿದ್ಧ. ಇಟ್ಟಿಗೆಯ ಪುಡಿ ಸೇರಿಸಿದರೆ ಒದ್ದೆ ಜಾಗದಲ್ಲೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ದಕ್ಷಿಣ ಭಾರತದ ಗಾರೆಯವರು ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಕೂಡ ಹಾಕುತ್ತಿದ್ದರು.

ಗೋಡೆಯಲ್ಲಿ ಕುಳಿತ ಗಾರೆ ಗಟ್ಟಿಯಾಗುವುದು ಹೇಗೆ ಗೊತ್ತೇ? ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ವಾಪಸು ಪಡೆಯುತ್ತದೆ. ದಪ್ಪ ಗೋಡೆಯ ಒಳಗಿನ ಗಾರೆಗೆ ಇದಕ್ಕೆ ವರ್ಷಗಳೇ ಬೇಕು. ಇದನ್ನು ನೀವೂ ನೋಡಬಹುದು. ಒಂದು ಲೋಟ ನೀರಿಗೆ ಎಲೆಅಡಿಕೆಯ ಸುಣ್ಣವನ್ನು ನಿಮ್ಮ ಗುರುಗಳು ಕದಡಿ ರಾತ್ರಿ ಬಿಡಲಿ. ಬೆಳಿಗ್ಗೆ ಮೇಲಿನ ತಿಳಿನೀರನ್ನು ಬೇರೆ ಗಾಜಿನ ಲೋಟಕ್ಕೆ ಬಗ್ಗಿಸಲಿ. ಅದರೊಳಗೆ ಕೊಳವೆಯಿಂದ ಮೆಲ್ಲಗೆ ಊದಿ. ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಹುಟ್ಟಿದ ಸುಣ್ಣಕಲ್ಲಿನ ನುಣ್ಣನೆಯ ಪುಡಿ ಅದು. ಹೀರಬೇಡಿ, ಊದಿ ಅಷ್ಟೇ. ಕಣ್ಣಿಗೂ ತಾಗಿಸಬೇಡಿ.

ಇಷ್ಟೆಲ್ಲ ಸೇರಿ ಆದದ್ದು ದಪ್ಪ ಗೋಡೆ. ಅದರ ಕೆಲಸ ಸೂರನ್ನು ಹೊರುವುದಷ್ಟೇ ಅಲ್ಲ. ಬಿಸಿಲು ಬಿದ್ದಾಗ ಹೊರಮೈ ಕಾಯುತ್ತದೆ. ಆ ಶಾಖ ಇಟ್ಟಿಗೆಯ ಮೂಲಕ ಒಳಕ್ಕೆ ತೆವಳಿಕೊಂಡು ಹೋಗಲು ಬಹಳ ಗಂಟೆಗಳು ಹಿಡಿಯುತ್ತವೆ. ಅದು ಒಳಗೆ ತಲುಪುವಷ್ಟರಲ್ಲಿ ಸಂಜೆಯಾಗಿ ಗುಮಾಸ್ತರು ಮನೆಗೆ ಹೋಗಿರುತ್ತಾರೆ. ರಾತ್ರಿ ಬೆಂಗಳೂರಿನ ತಂಪು ಗಾಳಿಗೆ ಗೋಡೆ ಮತ್ತೆ ತಣಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ನಮ್ಮ ಊರಿಗೆ ಈ ಏರ್ಪಾಟು ಚೆನ್ನಾಗಿ ಹೊಂದುತ್ತದೆ. ಇಲ್ಲಿ ರಾತ್ರಿಗಳು ತಂಪು.

ಗೋಡೆಯ ಮುಂದೆ ಕಂಬಸಾಲಿನ ಜಗುಲಿ. ಬಿಸಿಲು ಜಗುಲಿಯಲ್ಲೇ ನಿಂತುಬಿಡುತ್ತದೆ, ಕೋಣೆಗೆ ಬೆಳಕು ಮಾತ್ರ ಹೋಗುತ್ತದೆ. ಮಳೆಯ ಇರಚಲೂ ಒಳಕ್ಕೆ ಬಡಿಯುವುದಿಲ್ಲ. ಸೂರು ಬಹಳ ಎತ್ತರ. ಬಿಸಿ ಗಾಳಿ ಹಗುರ, ಅದು ಮೇಲೆ ಹೋಗುತ್ತದೆ. ಕುಳಿತವರ ಸುತ್ತ ತಂಪು ಗಾಳಿ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಸಾಲು ಕಂಬಗಳು ಗ್ರೀಕ್ ಮತ್ತು ರೋಮನ್ ದೇಗುಲಗಳನ್ನು ನೆನಪಿಸುತ್ತವೆ. ಕಂಬದ ಆಕಾರ ಯೂರೋಪಿನದು, ಆದರೆ ಅದರ ಹಿಂದಿನ ನೆರಳು ನಮ್ಮ ಹಳ್ಳಿಮನೆಯ ಜಗುಲಿಯದೇ.

ಆ ಕಾಲದಲ್ಲಿ ಗಾಜು

ಹಾಗಾದರೆ ಸ್ಯಾಂಕಿ ಗೋಡೆಯ ಬದಲು ಗಾಜು ಹಾಕಬಹುದಿತ್ತಲ್ಲ? ಹಾಕಲು ಆಗುತ್ತಿರಲಿಲ್ಲ. ಆಗಿನ ಕಿಟಕಿ ಗಾಜನ್ನು ಮಾಡುತ್ತಿದ್ದ ಬಗೆಯೇ ಬೇರೆ. ಕುಲುಮೆಯಲ್ಲಿ ಕರಗಿದ ಗಾಜನ್ನು ಉದ್ದನೆಯ ಕೊಳವೆಯ ತುದಿಗೆ ಅಂಟಿಸಿಕೊಂಡು ಕೆಲಸಗಾರ ಬಾಯಿಂದ ಊದುತ್ತಿದ್ದ. ಅದು ದೊಡ್ಡ ಸೋರೆಕಾಯಿಯಂತೆ ಉಬ್ಬುತ್ತಿತ್ತು. ಎರಡು ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಮತ್ತೆ ಕಾಯಿಸಿದರೆ ಕಾಗದದ ಸುರುಳಿ ಬಿಚ್ಚಿದಂತೆ ಹಾಳೆಯಾಗುತ್ತಿತ್ತು. ಒಬ್ಬ ಮನುಷ್ಯನ ಉಸಿರಿಗೆ ಎಷ್ಟು ದೊಡ್ಡ ಹಾಳೆ ಬಂದೀತು? ಅದೂ ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಬರಬೇಕು. ದಾರಿಯಲ್ಲಿ ಒಡೆದದ್ದು ಒಡೆಯಿತು. ಆದ್ದರಿಂದ ಕಂಟೋನ್ಮೆಂಟಿನ ಮನೆಗಳಲ್ಲಿ ಚಿಕ್ಕ ಚಿಕ್ಕ ಗಾಜುಗಳನ್ನು ಮರದ ಚೌಕಟ್ಟಿಗೆ ಕೂರಿಸುತ್ತಿದ್ದರು.

ಇಂದಿನ ದೊಡ್ಡ ಗಾಜಿನ ಹಾಳೆಗಳು ಬಂದದ್ದು ಬಹಳ ತಡವಾಗಿ. ಕರಗಿದ ತವರದ ಮೇಲೆ ಕರಗಿದ ಗಾಜನ್ನು ಎಣ್ಣೆಯಂತೆ ತೇಲಿಸಿ ಸಮತಟ್ಟು ಹಾಳೆ ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ಈಗ ಪ್ರಪಂಚದ ಹೆಚ್ಚಿನ ಕಿಟಕಿ ಗಾಜು ಹೀಗೇ ತಯಾರಾಗುತ್ತದೆ. ಅದರಿಂದ ಗೋಡೆಯನ್ನೇ ಗಾಜಿನಿಂದ ಮಾಡುವುದು ಸುಲಭವಾಯಿತು. ಆದರೆ ಗಾಜಿಗೆ ಒಂದು ಗುಣವಿದೆ. ಬಿಸಿಲನ್ನು ಅದು ಒಳಕ್ಕೆ ಬಿಡುತ್ತದೆ. ಒಳಗಿನ ಮೇಜು, ಕುರ್ಚಿ, ನೆಲ ಕಾದು ಹೊರಸೂಸುವ ಶಾಖವನ್ನು ಮಾತ್ರ ಹೊರಕ್ಕೆ ಬಿಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಬಸ್ಸಿನ ಒಳಗೆ ಹತ್ತಿದಾಗ ಮುಖಕ್ಕೆ ಬಡಿಯುವ ಬಿಸಿ ನಿಮಗೆ ಗೊತ್ತು. ಈಗ ಗಾಜಿಗೆ ತೆಳುವಾದ ಲೋಹದ ಲೇಪ ಹಚ್ಚುತ್ತಾರೆ, ಎರಡು ಹಾಳೆಗಳ ನಡುವೆ ಗಾಳಿ ಬಿಟ್ಟು ಕೂರಿಸುತ್ತಾರೆ. ಶಾಖ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕೃಷ್ಣರಾಜಪುರದ ಗಾಜಿನ ಕಟ್ಟಡಗಳಿಗೆ ಸ್ಯಾಂಕಿಯ ಜಗುಲಿಯಂಥ ಒಂದು ನೆರಳಾದರೂ ಬೇಡವೇ ಎಂದು ನನಗೆ ಹಲವು ಸಲ ಅನಿಸಿದೆ.

ಗಾಜನ್ನು ಚೆನ್ನಾಗಿ ಬಳಸಿದ ಒಂದು ಕಟ್ಟಡವೂ ಸ್ಯಾಂಕಿಯ ಹೆಸರಿನಲ್ಲಿದೆ. ಅದು ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚ್, 1864ರಲ್ಲಿ ಅಡಿಗಲ್ಲು ಹಾಕಿ 1866ರಲ್ಲಿ ತೆರೆದದ್ದು. ಅದರ ಗಡಿಯಾರದ ಗೋಪುರವನ್ನು ದೂರದಿಂದಲೇ ಗುರುತಿಸಬಹುದು. ಬಾಗಿಲು ಕಿಟಕಿಗಳಿಗೆ ಚೂಪಾದ ಕಮಾನು. ಇಟ್ಟಿಗೆಯನ್ನು ಒತ್ತಿದರೆ ತಡೆಯುತ್ತದೆ, ಎಳೆದರೆ ಸೀಳುತ್ತದೆ. ಕಮಾನಿನಲ್ಲಿ ಪ್ರತಿ ಇಟ್ಟಿಗೆಯೂ ಪಕ್ಕದ್ದನ್ನು ಒತ್ತುತ್ತದೆಯೇ ಹೊರತು ಎಳೆಯುವುದಿಲ್ಲ. ಆದ್ದರಿಂದ ಮರವೂ ಕಬ್ಬಿಣವೂ ಇಲ್ಲದೆ ದೊಡ್ಡ ಕಿಟಕಿಯ ಮೇಲೆ ಗೋಡೆ ನಿಲ್ಲುತ್ತದೆ. ಅಂಥ ಒಂದು ದೊಡ್ಡ ಕಿಟಕಿಯಲ್ಲಿ ಬಣ್ಣದ ಗಾಜಿನ ಚಿತ್ರಗಳಿವೆ. ಗಾಜು ಕರಗಿರುವಾಗ ಕೋಬಾಲ್ಟ್ ಸೇರಿಸಿದರೆ ನೀಲಿ, ತಾಮ್ರ ಸೇರಿಸಿದರೆ ಹಸಿರು ಅಥವಾ ಕೆಂಪು. ಹೀಗೆ ಬಣ್ಣ ಬರುತ್ತದೆ.

ಅದೇ ದಶಕದಲ್ಲಿ ಈಗಿನ ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ ಎದ್ದಿತು. 1870ರಲ್ಲಿ ಸ್ಯಾಂಕಿ ಅಠಾರಾ ಕಚೇರಿಯ ಸುತ್ತ ಉದ್ಯಾನ ಮಾಡಿಸಿದ. ಅದೇ ಕಬ್ಬನ್ ಪಾರ್ಕ್. 1877ರಲ್ಲಿ ಕಸ್ತೂರಬಾ ರಸ್ತೆಯ ಕೆಂಪು ವಸ್ತುಸಂಗ್ರಹಾಲಯ. ಅಠಾರಾ ಕಚೇರಿಯ ತಮ್ಮನಂತೆ ಕಾಣುವ ಅದನ್ನು ನಿಮ್ಮಲ್ಲಿ ಕೆಲವರು ಶಾಲೆಯ ಪ್ರವಾಸದಲ್ಲಿ ನೋಡಿರಬಹುದು.

ಕೊನೆಯ ವರ್ಷಗಳು

1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಕೊಟ್ಟಿತು. ಮೈಸೂರು ಸೀಮೆಯ ಆ ಬರಗಾಲ ನಮ್ಮ ಇತಿಹಾಸದ ಅತಿ ಘೋರ ಸಂಗತಿಗಳಲ್ಲಿ ಒಂದು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಏರಿ ಎಷ್ಟು ಗಟ್ಟಿಯಾಗಿದ್ದರೂ ಮಳೆಯೇ ಬಾರದಿದ್ದರೆ ಕೆರೆಯಲ್ಲಿ ನೀರೆಲ್ಲಿಂದ? ಕೊಳ್ಳಲು ಕಾಸಿಲ್ಲದವರಿಗೆ ಧಾನ್ಯವೆಲ್ಲಿಂದ? ಹದಿಮೂರು ವರ್ಷ ಇಲ್ಲಿನ ಕೆರೆಗಳ ಲೆಕ್ಕ ಹಾಕಿದ್ದ ಸ್ಯಾಂಕಿ 1877ರಲ್ಲಿ, ಆ ಬರದ ನಡುವೆಯೇ, ಮೈಸೂರಿನ ಕೆಲಸ ಬಿಟ್ಟು ಭಾರತ ಸರ್ಕಾರದ ಸೇವೆಗೆ ಹೋದ.

1878ರಲ್ಲಿ ಅಫ್ಘನ್ ಯುದ್ಧಕ್ಕಾಗಿ ಕಂದಹಾರಿಗೆ ಹೊರಟ ಸೈನ್ಯದ ಇಂಜಿನಿಯರುಗಳ ಮುಖ್ಯಸ್ಥನಾದ. ಅಲ್ಲಿಂದ ಬಂದು 1883ರವರೆಗೆ ಮದ್ರಾಸಿನಲ್ಲಿ ಲೋಕೋಪಯೋಗಿ ಇಲಾಖೆಯ ಕಾರ್ಯದರ್ಶಿ.

ಈ ನಡುವೆ, 1882ರಲ್ಲಿ ಬೆಂಗಳೂರಿನಲ್ಲಿ ಒಂದು ಹೊಸ ಕೆರೆ ಸಿದ್ಧವಾಯಿತು. ಕಂಟೋನ್ಮೆಂಟಿನ ಜನ ಹೆಚ್ಚಿ, ಹಲಸೂರು ಕೆರೆ, ಮಿಲ್ಲರ್ ಕೆರೆಗಳ ನೀರು ಸಾಲದಾಗಿತ್ತು. ಮೇಲಿನ ಎತ್ತರದಲ್ಲಿ ಒಂದು ಕೆರೆ ಕಟ್ಟಿದರೆ ಕೆಳಗಿನ ಮಿಲ್ಲರ್ ಕೆರೆಗೆ ನೀರು ಬಿಡಬಹುದು. ಮತ್ತೆ ಅದೇ ಸರಪಳಿಯ ಯೋಚನೆ. ಅದಕ್ಕೆ ಸ್ಯಾಂಕಿಯ ಹೆಸರನ್ನೇ ಇಟ್ಟರು. ಪಕ್ಕದಲ್ಲಿ ಸರ್ಕಾರದ ಶ್ರೀಗಂಧದ ಕೋಠಿ ಇದ್ದುದರಿಂದ ಜನ ಅದನ್ನು ಗಂಧದಕೋಠಿ ಕೆರೆ ಎಂದೂ ಕರೆದರು. ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದದ್ದು 1890ರ ದಶಕದಲ್ಲಿ. ಆಮೇಲೆ ಮಿಲ್ಲರ್ ಕೆರೆ ಬತ್ತಿ, ಆ ಜಾಗದಲ್ಲಿ ಕಟ್ಟಡಗಳು ಬಂದವು. ಸ್ಯಾಂಕಿ ಕೆರೆ ಉಳಿದಿದೆ.

1884ರಿಂದ 1896ರವರೆಗೆ ಸ್ಯಾಂಕಿ ಹುಟ್ಟಿದ ನಾಡು ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷನಾಗಿದ್ದ. 1892ರಲ್ಲಿ ಸರ್ ಪದವಿ ದೊರೆಯಿತು. 1908ರ ನವೆಂಬರ್ 11ರಂದು ಲಂಡನ್ನಿನಲ್ಲಿ ತೀರಿಕೊಂಡ. ಆಗ ವಯಸ್ಸು 79.

ಅಠಾರಾ ಕಚೇರಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1956ರಲ್ಲಿ ಎದುರಿಗೆ ವಿಧಾನಸೌಧ ಸಿದ್ಧವಾದಾಗ ಸರ್ಕಾರದ ಕಚೇರಿಗಳು ಅಲ್ಲಿಗೆ ಹೋದವು, ಕೆಂಪು ಕಟ್ಟಡ ನ್ಯಾಯಾಲಯದ್ದಾಯಿತು. 1980ರ ದಶಕದ ಆರಂಭದಲ್ಲಿ ಜಾಗ ಸಾಲದೆಂದು ಅದನ್ನು ಕೆಡವಿ ಹೊಸದು ಕಟ್ಟುವ ಪ್ರಸ್ತಾವ ಬಂತು. ಊರಿನ ಕೆಲವರು ಬೇಡವೆಂದು ಆ ನ್ಯಾಯಾಲಯದ ಬಾಗಿಲನ್ನೇ ತಟ್ಟಿದರು. ಕಟ್ಟಡದ ಮೇಲಿನ ಮೊಕದ್ದಮೆ ಅದೇ ಕಟ್ಟಡದೊಳಗೆ! ವಾದ ವಿವಾದಗಳು ನಡೆದು ಕೊನೆಗೆ ಕಟ್ಟಡ ಉಳಿಯಿತು. ಹೆಚ್ಚಿನ ಕೋಣೆಗಳನ್ನು ಹಿಂಭಾಗದಲ್ಲಿ ಕಟ್ಟಿಕೊಂಡರು. ಈಗಲೂ ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿಗೆ ಹೋದರೆ, ಕರಿಯ ಕೋಟಿನ ವಕೀಲರು ಫೈಲು ಹಿಡಿದು ಆ ಜಗುಲಿಯ ನೆರಳಿನಲ್ಲಿ ನಿಂತಿರುವುದನ್ನು ನೋಡಬಹುದು.